ಹಿಂಪಡೆಯಲು ಕೊನೆಯ ದಿನ

ರಾಯಚೂರು
೨೭ ಮಾರ್ಚ್ ೨೦೨೩

ಅಕ್ಬರಿಗೆ ಸಲಾಮ್.

ನೀನು, ನಾಹಿದ್ ಮಲ್ಲಟದ ಬಸ್ಸು ಹತ್ತಿ ಇನ್ನೂ ವಾರ ಕಳೆದಿಲ್ಲ, ಮನೆ ಗುರುತು ಸಿಗದ ಹಾಗಾಗಿದೆ. ನಿನ್ನ ಹೊಲಿಗೆ ಮಷೀನಿನ ಮೇಲೆ ಕರಪತ್ರದ ಕಟ್ಟು, ಮಂಚದ ಮೇಲೆ ಬ್ಯಾನರು. ಇಫ್ತಾರ್ ಆದದ್ದೇ ತಡ, ಅಡುಗೆಮನೆಯಲ್ಲಿ ಯಾರೋ ಚಹಾಕ್ಕೆ ನೀರು ಇಟ್ಟಿರುತ್ತಾರೆ. ಎರಡು ಕೋಣೆಯ ಮನೆಯಲ್ಲಿ ಚುನಾವಣಾ ಆಫೀಸು, ಸಂಸಾರ ಎರಡೂ ಸಾಗುವುದಿಲ್ಲ ಎಂದು ನೀನು ಹೇಳಿದ್ದೇ ಸರಿ. ಅಕ್ಕನನ್ನೂ ಅಕ್ಕನ ಮಗಳನ್ನೂ ಇಟ್ಟುಕೊಂಡ ನಿನ್ನ ತಮ್ಮ ಜಹೀರುದ್ದೀನ್‌ಗೆ ನನ್ನ ಸಲಾಮ್ ಹೇಳು.

ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನ್ ಪ್ರಚಾರದ ಹುಡುಗರ ಕೈಯಲ್ಲಿದೆ. ಮೊನ್ನೆ ನೀನು ಮಾಡಿದಾಗ ಎತ್ತಿದವನು ನಿನಗೇ ‘ನಿಮ್ಮ ಅಮೂಲ್ಯ ಮತ ಸುಬೇದಾರ್ ವಲಿ ಪಾಷಾ ಅವರಿಗೆ’ ಅಂದನಂತೆ. ಇನ್ನೊಂದು, ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಫೌಜಿನಲ್ಲಿದ್ದ ಇಪ್ಪತ್ತಾರು ವರ್ಷ ನಾವು ಸಂಸಾರ ಮಾಡಿದ್ದೇ ಕಾಗದದಲ್ಲಿ. ಬಾಯಲ್ಲಿ ದಖನಿ, ಕಾಗದದಲ್ಲಿ ಕನ್ನಡ. ಸರ್ಕಾರಿ ಸಾಲಿಯಲ್ಲಿ ಕಲಿತ ಈ ಅಕ್ಷರ ಬಿಟ್ಟರೆ ನಮ್ಮಿಬ್ಬರಿಗೂ ಬರೆಯಲು ಬೇರೆ ಅಕ್ಷರ ಬಾರದು.

ನಾನು ಟಿಕೆಟ್ ಕೇಳಿ ಯಾರ ಬಾಗಿಲಿಗೂ ಹೋದವನಲ್ಲ, ಅದು ನಿನಗೂ ಗೊತ್ತು. ನೀರಿನ ಟ್ಯಾಂಕಿನ ಗಲಾಟೆಯಾದಾಗ ನಮ್ಮ ಮೊಹಲ್ಲಾದ ಹಿರಿಯರಾದ ಮುಷರ್ರಫ್ ಸಾಹೇಬರೇ ಮಸೀದಿ ಅಂಗಳದಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, “ಸುಬೇದಾರ್ ಸಾಬ್, ಈ ಸಲ ನೀವ ನಿಲ್ಲಬೇಕ್ರಿ. ಮೊಹಲ್ಲಾ ಪೂರಾ ನಿಮ್ಮ ಹಿಂದ ಅದ” ಅಂದರು. ಹಿರಿಯರು ನಿಲ್ಲು ಅಂದರೆ ನಿಲ್ಲುವುದಷ್ಟೇ ನನಗೆ ಗೊತ್ತಿರುವ ವಿದ್ಯೆ.

ಒಂದು ಮಾತು ಬಿಡಿಸಿ ಬರೆಯುತ್ತೇನೆ. ನಮ್ಮ ಬೀಗರು ಅಲ್ಲಾಉದ್ದೀನ್ ಭಾಯಿ ದೇವದುರ್ಗದಲ್ಲಿ ಅಡತಿ ಅಂಗಡಿ ಇಟ್ಟವರು. ಅವರ ಕೈಗೆ ಬರುವ ಭತ್ತವೆಲ್ಲ ಚನ್ನವೀರಪ್ಪನವರ ಅಕ್ಕಿ ಮಿಲ್ಲಿಗೇ ಹೋಗುತ್ತದೆ. ಚನ್ನವೀರಪ್ಪನವರು ನನ್ನ ಎದುರಾಳಿಯ ಬಲಗೈ. ನಾನು ನಿಲ್ಲುವುದರಿಂದ ಬೀಗರಿಗೆ ತೊಂದರೆಯಾಗಿ, ಅದು ನಾಹಿದ್ ಮತ್ತು ರಿಹಾನ್ ಮದುವೆಗೆ ತಟ್ಟುವ ಹಾಗಿದ್ದರೆ ಒಂದೇ ಸಾಲು ಬರೆ. ಅವತ್ತೇ ವಾಪಸ್ ತೆಗೆಯುತ್ತೇನೆ. ಮಗಳ ನಿಕಾಹಿಗಿಂತ ವಿಧಾನಸೌಧ ನನಗೆ ದೊಡ್ಡದಲ್ಲ.

ವಲಿ ಪಾಷಾ


ಮಲ್ಲಟ
೨ ಏಪ್ರಿಲ್

ನಾಹಿದ್‌ನ ಅಬ್ಬಾ ಅವರಿಗೆ ಸಲಾಮ್.

ನನ್ನ ಮಷೀನಿನ ಮೇಲಿನ ಕರಪತ್ರ ಮೊದಲು ಇಳಿಸಿರಿ. ಆಮೇಲೆ ಊರು ಉದ್ಧಾರ ಮಾಡುವಿರಂತೆ.

ಕಾಗದ ಓದಿ ನಗು ಬಂತು. ಮದುವೆಯಾದ ಹೊಸದರಲ್ಲಿ ನೀವು ನನ್ನನ್ನು ಫೌಜಿ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದಾಗ, ಹಳೆಯ ಸುಬೇದಾರರ ಹೆಂಡತಿಯೊಬ್ಬರು ಹೊಸ ಸೊಸೆಯರನ್ನೆಲ್ಲ ಸಾಲಾಗಿ ಕೂರಿಸಿ ಪಾಠ ಹೇಳಿದ್ದರು. ಡ್ಯೂಟಿ ಮೇಲಿರುವ ಗಂಡನಿಗೆ ಕೆಟ್ಟ ಸುದ್ದಿ ಬರೆಯಬಾರದು, ಓದಿದವನ ಕೈ ನಡುಗಿದರೆ ಪಕ್ಕದಲ್ಲಿದ್ದವನ ಜೀವಕ್ಕೂ ಕುತ್ತು ಅಂತ. ಅದನ್ನು ನಾನು ನಮಾಜಿನಷ್ಟು ಚೊಕ್ಕವಾಗಿ ನಡೆಸಿದೆ. ನನ್ನ ಅಬ್ಬಾ ತೀರಿಕೊಂಡು ಮಣ್ಣಾದ ಮೇಲೂ ತಿಂಗಳುಗಟ್ಟಲೆ ‘ಅಬ್ಬಾ ಆರಾಮ ಇದ್ದಾರೆ’ ಎಂದು ಬರೆದೆ. ನೀವು ರಜೆಗೆ ಬರುವಾಗ ಅವರಿಗೊಂದು ಶಾಲು ತಂದಿರಿ. ನೀವೇನು ಕಡಿಮೆಯೇ? ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿ ‘ವಾಲಿಬಾಲ್ ಪಂದ್ಯ ಗೆದ್ದೆವು’ ಎಂದು ಬರೆದವರು.

ಈಗ ನೀವು ಡ್ಯೂಟಿ ಮೇಲಿಲ್ಲ. ಓಟು ಕೇಳುವುದು ಡ್ಯೂಟಿಯಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವೂ ಬರೆಯಿರಿ.

ನಾಹಿದ್ ಚೆನ್ನಾಗಿದ್ದಾಳೆ. ಹಿಂದಿನ ಎರಡು ಸಂಬಂಧ ಮುರಿದಾಗ ಅವಳು ಹೇಗಾಗಿದ್ದಳು ಎಂದು ನೀವು ನೋಡಿಲ್ಲ, ನಾನು ನೋಡಿದ್ದೇನೆ. ರಿಹಾನ್ ಹಾಗಲ್ಲ. ಮಾನ್ವಿಯಲ್ಲಿ ಬಿ.ಎಡ್. ಓದುವಾಗ ಜೊತೆಗಿದ್ದ ಹುಡುಗ, ಅವಳೇ ಮೆಚ್ಚಿದ್ದು. ಮದುವೆ ಗೊತ್ತಾಗಿ ಮಂಗನಿ ಉಂಗುರ ತೊಟ್ಟಾಗಿನಿಂದ ಪಾತ್ರೆ ತಿಕ್ಕುವಾಗಲೂ ಏನೋ ಗುನುಗುತ್ತಿರುತ್ತಾಳೆ. ಮುಸುರೆ ಹತ್ತುತ್ತದೆ ಎಂದು ಉಂಗುರ ತೆಗೆದಿಡು ಅಂದರೆ ಕೇಳುವುದಿಲ್ಲ. ಆ ಮುಖ ಹೀಗೇ ಇರಲಿ ಅನ್ನುವುದು ಬಿಟ್ಟರೆ ನನಗೆ ಬೇರೆ ಎಲೆಕ್ಷನ್ ಇಲ್ಲ.

ಬೀಗರ ಕಡೆಯಿಂದ ಯಾವ ತಕರಾರೂ ಬಂದಿಲ್ಲ. ಬಂದರೆ ಬರೆಯುತ್ತೇನೆ.

ಅಕ್ಬರಿ


ರಾಯಚೂರು
೧೧ ಏಪ್ರಿಲ್

ಅಕ್ಬರಿಗೆ ಸಲಾಮ್.

ಮಷೀನಿನ ಮೇಲಿನ ಕರಪತ್ರ ಇಳಿಸಿದ್ದೇನೆ, ಬಟ್ಟೆ ಹೊದಿಸಿದ್ದೇನೆ. ಇನ್ನು ಬೈಯಬೇಡ.

ಪ್ರಚಾರ ಜೋರಾಗಿದೆ. ದಿನಾ ತರಾವೀಹ್ ನಮಾಜ್ ಮುಗಿಸಿ ಗಲ್ಲಿ ಗಲ್ಲಿ ತಿರುಗುತ್ತೇವೆ. ಯಾವ ಬಾಗಿಲು ತಟ್ಟಿದರೂ “ಹಾಂ ಭಾಯಿ, ನಿಮಗ ಹಾಕ್ತೀವಿ” ಅನ್ನುವವರೇ. ಒಬ್ಬರೂ ಇಲ್ಲ ಅಂದಿಲ್ಲ. ಫೌಜಿನಲ್ಲಿ ಒಬ್ಬ ಜವಾನ ‘ಹಾಂ ಸಾಬ್’ ಅಂದರೆ ಆ ಕೆಲಸ ಆದ ಹಾಗೆಯೇ ಲೆಕ್ಕ. ಆ ಲೆಕ್ಕದಲ್ಲಿ ನಾನು ಈಗಾಗಲೇ ಗೆದ್ದಿದ್ದೇನೆ. ಪಕ್ಷೇತರನ ನಾಮಪತ್ರಕ್ಕೆ ಹತ್ತು ಜನ ಸೂಚಕರು ಬೇಕು. ನನಗೆ ಬೇಡ ಅಂದರೂ ಸಹಿ ಹಾಕುವವರಿದ್ದಾರೆ.

ಮುಷರ್ರಫ್ ಸಾಹೇಬರಿಗೆ ಸ್ವಲ್ಪ ಹುಷಾರಿಲ್ಲ, ಈ ವಾರ ಮನೆ ಕಡೆ ಬಂದಿಲ್ಲ. ಚಹಾ ಮಾಡುವ ಹುಡುಗರು ಹಬ್ಬದ ವ್ಯಾಪಾರಕ್ಕೆ ಹೋಗಿದ್ದಾರೆ. ನಾನೇ ಮಾಡಿಕೊಳ್ಳುತ್ತೇನೆ, ಒಂದು ಕಪ್ಪು ಸಾಕು. ನಿನ್ನ ಅಡುಗೆಮನೆ ಈಗ ಚೊಕ್ಕವಾಗಿದೆ. ಫೋನೂ ನನ್ನ ಹತ್ತಿರವೇ ಇದೆ, ಆದರೆ ನನಗೆ ಕಾಗದವೇ ಹಿತ.

ಗೆದ್ದ ಮೇಲೆ ನಾಹಿದ್ ಮದುವೆಯನ್ನು ದೊಡ್ಡ ಹಾಲ್‌ನಲ್ಲಿ ಮಾಡೋಣ. ಶಾಸಕರ ಮಗಳ ಮದುವೆ ಗಲ್ಲಿಯಲ್ಲಿ ಶಾಮಿಯಾನ ಹಾಕಿ ಮಾಡಲಾದೀತೇ?

ವಲಿ ಪಾಷಾ


ಮಲ್ಲಟ
೧೬ ಏಪ್ರಿಲ್

ನಾಹಿದ್‌ನ ಅಬ್ಬಾ ಅವರಿಗೆ ಸಲಾಮ್.

ನಿನ್ನೆ ಇಫ್ತಾರಿಗೆ ಸ್ವಲ್ಪ ಮೊದಲು ಅಲ್ಲಾಉದ್ದೀನ್ ಭಾಯಿ ಬಂದಿದ್ದರು. ಮೊದಲೇ ಹೇಳಿರಲಿಲ್ಲ. ನಾಹಿದ್ ಓಡಾಡಿ ಭಜಿ ಕರಿದಳು, ಕಲ್ಲಂಗಡಿ ಹೆಚ್ಚಿಟ್ಟಳು. ಅಜಾನ್ ಆಯಿತು. ಅವರು ತಮ್ಮ ಜೇಬಿನಿಂದ ಖರ್ಜೂರ ತೆಗೆದು ಅದರಲ್ಲೇ ರೋಜಾ ಬಿಟ್ಟರು. ನಮ್ಮ ತಟ್ಟೆ ಮುಟ್ಟಲಿಲ್ಲ. ನೀರು ಕೂಡ ತಮ್ಮ ಬಾಟಲಿಯದೇ ಕುಡಿದರು. ನಾಹಿದ್ ಒಳಗೆ ಬಂದು ‘ಅವರು ಯಾಕ ಏನೂ ತಗೊಳ್ಳಲಿಲ್ಲ’ ಎಂದು ಕೇಳಿದಳು. ಅವರಿಗೆ ಹೊತ್ತಾಗಿತ್ತು ಅಂದೆ.

ಒಂದೆರಡು ಮಾತು ಆಡಿ ಹೋದರು. ಕಾಗದದಲ್ಲಿ ಬರೆಯುವಷ್ಟು ದೊಡ್ಡ ಮಾತೇನಲ್ಲ. ರಿಹಾನ್ ಆರಾಮ ಇದ್ದಾನಂತೆ.

ನಾಮಪತ್ರ ಹಾಕಿದ ಮೇಲೆ ವಾಪಸ್ ತೆಗೆಯಲು ಕೊನೆಯ ದಿನ ಯಾವುದು? ಜಹೀರ್ ಕೇಳುತ್ತಿದ್ದ. ಮೊಹಲ್ಲಾದ ಜನ ನಿಜವಾಗಿಯೂ ನಿಮ್ಮ ಜೊತೆ ಇದ್ದಾರೆಯೇ? ಇದನ್ನು ಕೇಳುತ್ತಿರುವವಳು ನಾನೇ. ಸರಿಯಾಗಿ ಯೋಚಿಸಿ ಬರೆಯಿರಿ.

ಅಕ್ಬರಿ


ರಾಯಚೂರು
೧೯ ಏಪ್ರಿಲ್

ಅಕ್ಬರಿಗೆ ಸಲಾಮ್.

ನಿನ್ನೆ ನಾಮಪತ್ರ ಹಾಕಿದೆ. ಮೆರವಣಿಗೆ ಬೇಡ ಅಂದೆ, ರೋಜಾದಲ್ಲಿ ಬಿಸಿಲಲ್ಲಿ ಜನರನ್ನು ನಡೆಸಬಾರದು. ನಡೆದುಕೊಂಡೇ ಹೋಗಿ ಕೊಟ್ಟು ಬಂದೆ.

ವಾಪಸ್ ತೆಗೆಯಲು ಇಪ್ಪತ್ನಾಲ್ಕು ಕೊನೆ, ಮಧ್ಯಾಹ್ನ ಮೂರು ಗಂಟೆ. ಜಹೀರ್‌ಗೆ ಹೇಳು. ಆದರೆ ಅದನ್ನು ತಿಳಿದು ಅವನು ಏನು ಮಾಡುತ್ತಾನೆ? ಭಯ ನಿನಗೇ ಹುಟ್ಟಿದೆ ಎಂದು ಕಾಣುತ್ತದೆ. ಅಲ್ಲಾಉದ್ದೀನ್ ಭಾಯಿಗೆ ಸಕ್ಕರೆ ಕಾಯಿಲೆ ಇದೆ, ಹೊರಗೆ ಕರಿದದ್ದು ತಿನ್ನುವುದಿಲ್ಲ. ಎಲ್ಲಿಗೆ ಹೋದರೂ ತಮ್ಮದನ್ನು ತಾವೇ ಒಯ್ಯುವ ಶಿಸ್ತಿನ ಮನುಷ್ಯ. ಅದಕ್ಕೂ ನೀನು ಮನಸ್ಸು ಕಹಿ ಮಾಡಿಕೊಂಡೆಯಾ?

ಮೊಹಲ್ಲಾ ಪೂರಾ ನನ್ನ ಹಿಂದಿದೆ. ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಎಷ್ಟೆಷ್ಟೋ ವರ್ಷ ಹಿಮದ ಮೇಲೆ ಕೂತಿದ್ದೆ, ಒಂದು ಸಲವೂ ನೀನು ‘ಬಂದುಬಿಡಿ’ ಎಂದು ಬರೆಯಲಿಲ್ಲ. ಬರೆದಿದ್ದರೆ ನಾನು ಅಲ್ಲಿ ನಿಲ್ಲುತ್ತಿರಲಿಲ್ಲ. ಈಗಲೂ ಮನೆಯಲ್ಲಿ ನೀನು ಗಟ್ಟಿಯಾಗಿದ್ದರೆ ಸಾಕು, ಹೊರಗಿನದು ನಾನು ನೋಡಿಕೊಳ್ಳುತ್ತೇನೆ.

ವಲಿ ಪಾಷಾ


ಮಲ್ಲಟ
೨೨ ಏಪ್ರಿಲ್, ಹಬ್ಬದ ದಿನ

ನಾಹಿದ್‌ನ ಅಬ್ಬಾ ಅವರಿಗೆ ಈದ್ ಮುಬಾರಕ್.

ಈ ಕಾಗದ ಜಹೀರ್ ಕೈಯಲ್ಲಿ ಕೊಟ್ಟಿದ್ದೇನೆ, ಡಬ್ಬಿಯಲ್ಲಿ ಶೀರ್ ಖುರ್ಮಾ ಇದೆ. ನಾಳೆಯ ಹೊತ್ತಿಗೆ ನಿಮ್ಮ ಕೈ ಸೇರುತ್ತದೆ. ಬಿಸಿ ಮಾಡಿ ಕುಡಿಯಿರಿ.

ನೀವು ಬರೆದದ್ದನ್ನು ಎರಡು ದಿನ ಯೋಚಿಸಿದೆ. ನಿಂತವರು ನಿಂತುಬಿಡಿ. ಇಲ್ಲಿ ಎಲ್ಲ ಸರಿಯಾಗಿದೆ. ದೇವದುರ್ಗದಿಂದ ಬೆಳಿಗ್ಗೆಯೇ ನಾಹಿದ್‌ಗೆ ಈದಿ ಬಂತು. ಹಸಿರು ಬಟ್ಟೆ, ಕೈತುಂಬ ಬಳೆ. ತೊಟ್ಟುಕೊಂಡು ಓಣಿಯವರಿಗೆಲ್ಲ ತೋರಿಸಿ ಬಂದಳು. ಅಬ್ಬಾ ಎಲೆಕ್ಷನ್ನಿಗೆ ನಿಂತಿದ್ದಾರೆ ಎಂದು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಾಳೆ. ಅಲ್ಲಾಉದ್ದೀನ್ ಭಾಯಿಯೂ ನಿಮಗೆ ಸಲಾಮ್ ಹೇಳಿ ಕಳಿಸಿದ್ದಾರೆ.

ಹೆಂಡತಿ ಗಟ್ಟಿಯಾಗಿದ್ದಾಳೆ. ಹೊರಗಿನದನ್ನು ನೀವು ನೋಡಿಕೊಳ್ಳಿರಿ, ಗೆದ್ದು ಬನ್ನಿರಿ.

ಅಕ್ಬರಿ


ರಾಯಚೂರು
೨೪ ಏಪ್ರಿಲ್, ಸಂಜೆ

ಅಕ್ಬರಿಗೆ ಸಲಾಮ್.

ಶೀರ್ ಖುರ್ಮಾ ತಲುಪಿತು. ಕಾಗದವೂ ತಲುಪಿತು, ಎರಡು ಸಲ ಓದಿದೆ.

ಇವತ್ತು ಚುನಾವಣಾ ಕಚೇರಿಗೆ ಹೋಗಿದ್ದೆ. ಗುರುತು ಹಂಚಿದರು. ನನಗೆ ಹೊಲಿಗೆ ಮಷೀನು ಸಿಕ್ಕಿದೆ. ಪಟ್ಟಿಯಲ್ಲಿದ್ದುದನ್ನು ನೋಡಿ ನಾನೇ ಕೇಳಿ ಪಡೆದೆ. ನೀನು ಜೊತೆಗಿದ್ದ ಹಾಗೆ ಆಗುತ್ತದೆ ಅನ್ನಿಸಿತು.

ತಲೆ ನೋಯುತ್ತಿದೆ, ಬಿಸಿಲು ಬಹಳ. ನಾಹಿದ್‌ಗೆ ಈದಿ ಬಂದದ್ದು ತಿಳಿದು ಸಮಾಧಾನವಾಯಿತು. ಅದೊಂದು ಸರಿಯಿದ್ದರೆ ಸಾಕು.

ವಲಿ ಪಾಷಾ


ರಾಯಚೂರು
೬ ಮೇ

ಅಕ್ಬರಿಗೆ ಸಲಾಮ್.

ಹಬ್ಬದ ಮೇಲೆ ನಿನ್ನಿಂದ ಒಂದು ಸಾಲೂ ಬಂದಿಲ್ಲ. ಮದುವೆ ಬಟ್ಟೆ ಹೊಲಿಯುವುದರಲ್ಲಿ ಮುಳುಗಿರಬೇಕು ಅಂದುಕೊಂಡಿದ್ದೇನೆ.

ಒಂದು ತಮಾಷೆ ಕೇಳು. ಸ್ಟೇಷನ್ ಕಡೆ ಒಂದು ಚಹಾ ಅಂಗಡಿಯಲ್ಲಿ ಓಟು ಕೇಳಲು ನಿಂತೆ. ನಮ್ಮ ನಾಹಿದ್‌ಗಿಂತ ಚಿಕ್ಕವನು ಒಬ್ಬ, ಕಾಲ ಮೇಲೆ ಕಾಲು ಹಾಕಿಕೊಂಡು, “ಮೊದಲ ಭಾರತ ಮಾತಾಕೀ ಜೈ ಅನ್ರಿ ಚಾಚಾ, ಆಮ್ಯಾಲ ಓಟು ಕೇಳ್ರಿ” ಅಂದ. ನಾನು ಅಂದೆ. ಪರೇಡ್ ಮೈದಾನದಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಅಂದೆ, ರಸ್ತೆಯವರೆಲ್ಲ ತಿರುಗಿ ನೋಡಿದರು. ಅವನು ನಕ್ಕು, “ಸೌಂಡ್ ಚಲೋ ಅದ” ಅಂದ. ಗಡಿಯಲ್ಲಿದ್ದಷ್ಟು ವರ್ಷ ಇದನ್ನು ನನ್ನಿಂದ ಯಾರೂ ಹೇಳಿಸಿರಲಿಲ್ಲ. ಸಂಜೆ ನಮ್ಮ ಮೊಹಲ್ಲಾಕ್ಕೆ ಬಂದರೆ ಅಲ್ಲೊಬ್ಬ, “ಎದುರಿನವರು ನಿನಗ ಎಷ್ಟು ಕೊಟ್ಟು ನಿಲ್ಲಿಸ್ಯಾರ?” ಎಂದು ಕೇಳಿದ. ಎರಡಕ್ಕೂ ನಕ್ಕು ಬಂದೆ. ನೀನೂ ನಗು.

ಹತ್ತನೇ ತಾರೀಖು ಓಟು. ನಿಮ್ಮಿಬ್ಬರದೂ ಇಲ್ಲಿಯೇ ಇದೆ, ಬರಬೇಕು. ಮನೆಯಲ್ಲಿ ಈಗ ಗದ್ದಲವಿಲ್ಲ. ಎರಡು ದಿನ ಇದ್ದು ಹೋಗಿ.

ವಲಿ ಪಾಷಾ


ರಾಯಚೂರು
೧೪ ಮೇ

ಅಕ್ಬರಿಗೆ,

ನಿನ್ನೆ ಎಣಿಕೆ ಮುಗಿಯಿತು. ಟಿವಿಯಲ್ಲಿ ನೋಡಿರುತ್ತೀಯ. ನನ್ನ ಹೆಸರು ತೋರಿಸಿರಲಾರರು, ‘ಇತರರು’ ಎಂದು ಒಂದು ಸಾಲು ಬಂದಿರುತ್ತದೆ, ನಾನು ಅದರೊಳಗೆ ಇದ್ದೆ. ಠೇವಣಿ ಹೋಯಿತು. ಯಾರೂ ಬೇಡ ಎನ್ನುವವರಿಗೂ ಕೊನೆಯಲ್ಲಿ ಒಂದು ಗುಂಡಿ ಇಟ್ಟಿರುತ್ತಾರಲ್ಲ, ಆ ಗುಂಡಿಗೆ ನನಗಿಂತ ಹೆಚ್ಚು ಓಟು ಬಿದ್ದಿವೆ. ಸೋತವರ ಮತ್ತು ಗೆದ್ದವರ ನಡುವಿನ ಅಂತರಕ್ಕೆ ನನ್ನ ಓಟು ಯಾವ ಮೂಲೆಗೂ ಸಾಲದು, ಆದರೂ ಮೊಹಲ್ಲಾದಲ್ಲಿ ನನ್ನ ಸಲಾಮಿಗೆ ಉತ್ತರ ಕೊಡುವವರಿಲ್ಲ. ನಾನು ಓಟು ಒಡೆದೆನಂತೆ.

ಹತ್ತನೇ ತಾರೀಖು ನೀವಿಬ್ಬರೂ ಬಂದು, ಓಟು ಹಾಕಿ, ಅದೇ ಬಸ್ಸಿಗೆ ಹೊರಟಿರಿ. ಚಹಾ ಕೂಡ ಕುಡಿಯಲಿಲ್ಲ. ನಾಹಿದ್ ಕೈ ದುಪ್ಪಟ್ಟಾದೊಳಗೆ ಇಟ್ಟುಕೊಂಡೇ ನಿಂತಿದ್ದಳು. ಬಸ್ಸಿನ ಆಯಾಸ ಇರಬೇಕು.

ಆದದ್ದು ಆಯಿತು. ಇನ್ನು ನನಗೆ ಮದುವೆಯೊಂದೇ ಕೆಲಸ. ಅಲ್ಲಾಉದ್ದೀನ್ ಭಾಯಿಗೆ ಹೇಳಿ ಕಳಿಸು, ಬಕ್ರೀದ್ ಆದ ಮೇಲೆ ಯಾವ ತಾರೀಖಾದರೂ ನನಗೆ ಒಪ್ಪಿಗೆ. ಗಲ್ಲಿಯಲ್ಲೇ ಶಾಮಿಯಾನ ಹಾಕೋಣ.

ವಲಿ ಪಾಷಾ


ಮಲ್ಲಟ
೧೮ ಮೇ

ನಾಹಿದ್‌ನ ಅಬ್ಬಾ ಅವರಿಗೆ,

ಶಾಮಿಯಾನ ಬೇಡ. ಮದುವೆ ಇಲ್ಲ.

ಏಪ್ರಿಲ್‌ನಲ್ಲಿ ಅಲ್ಲಾಉದ್ದೀನ್ ಬಂದಾಗ ಆಡಿದ ಮಾತು ಈಗ ಬರೆಯುತ್ತೇನೆ. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತು, “ಬೆಹನ್, ಚನ್ನವೀರಪ್ಪನೋರು ನನ್ನ ಮಿಲ್ಲಿಗಿ ಕರಸಿ ಹೇಳ್ಯಾರ. ನಿಮ್ಮ ಬೀಗರನ್ನ ಹಿಂದ ಸರಸ್ರಿ, ಇಲ್ಲಾಂದ್ರ ಭತ್ತ ಬ್ಯಾರೆ ಕಡಿ ಒಯ್ರಿ ಅಂತ. ನಂಗ ಬ್ಯಾರೆ ಕಡಿ ಇಲ್ಲ. ಸುಬೇದಾರ್ ಸಾಬ್ ಟೈಮಿನೊಳಗ ವಾಪಸ್ ತಗೊಂಡ್ರ ಈ ಮನಿ ಊಟ ಉಣ್ತೀನಿ. ಇಲ್ಲಾಂದ್ರ ಉಂಗರ ವಾಪಸ್ ಕೊಡ್ರಿ” ಅಂದರು. ರೋಜಾ ಬಿಡುವ ಹೊತ್ತಿಗೆ ಬಂದು ನಮ್ಮ ಮನೆಯ ನೀರು ಮುಟ್ಟದೆ ಹೋದ ಮನುಷ್ಯನಿಗೆ ನೀವು ಸಕ್ಕರೆ ಕಾಯಿಲೆ ಹಚ್ಚಿದಿರಿ.

ದೇವದುರ್ಗದಿಂದ ಈದಿ ಬರಲಿಲ್ಲ. ಹಸಿರು ಬಟ್ಟೆ ನಾನೇ ಹೊಲಿದದ್ದು, ಬಳೆ ನಾನೇ ಕೊಂಡದ್ದು. ಮಗಳಿಗೂ ಅದನ್ನೇ ಹೇಳಿ ನಂಬಿಸಿದೆ. ಇಪ್ಪತ್ನಾಲ್ಕರ ಸಂಜೆ ಅವರ ಅಂಗಡಿಯ ಆಳು ಬಂದು ಉಂಗುರ ಕೇಳಿದಾಗ ಅವಳಿಗೆ ಎಲ್ಲ ತಿಳಿಯಿತು. ತಾನೇ ತೆಗೆದು ಅವನ ಕೈಯಲ್ಲಿ ಇಟ್ಟಳು. ಓಟಿನ ದಿನ ಬರಿ ಬೆರಳು ಕಾಣಬಾರದೆಂದು ದುಪ್ಪಟ್ಟಾದೊಳಗೆ ಕೈ ಇಟ್ಟುಕೊಂಡಿದ್ದಳು. ಬಸ್ಸಿನ ಆಯಾಸವಲ್ಲ. ಆ ಕೈಯಿಂದಲೇ ಹೊಲಿಗೆ ಮಷೀನಿನ ಗುಂಡಿ ಒತ್ತಿ ಬಂದಳು.

ಒಂದು ಸಾಲು ಬರೆ ಅಂದಿದ್ದೆನಲ್ಲ ಎಂದು ನೀವು ಕೇಳುತ್ತೀರಿ. ಬರೆಯಲು ಕೂತಿದ್ದೆ. ಆಗ ನಿಮ್ಮ ಹತ್ತೊಂಬತ್ತರ ಕಾಗದ ಬಂತು, ಮೊಹಲ್ಲಾ ಪೂರಾ ನನ್ನ ಹಿಂದಿದೆ, ಯೋಚಿಸಿಯೇ ಬರೆಯುತ್ತಿದ್ದೇನೆ ಅಂತ. ನಂಬಿದೆ. ನೀವು ಗೆದ್ದರೆ ಅಲ್ಲಾಉದ್ದೀನ್ ತಾನಾಗಿ ಓಡಿ ಬರುತ್ತಾನೆ, ಶಾಸಕರ ಮಗಳನ್ನು ಬಿಡುವವರು ಯಾರು ಅಂದುಕೊಂಡೆ. ಜೀವಮಾನದಲ್ಲಿ ನಿಮಗಾಗಿ ನೀವು ಬಯಸಿದ್ದು ಇದೊಂದೇ, ನಾನೇ ಹಾಳು ಮಾಡಲೇ ಎಂದೂ ಅನ್ನಿಸಿತು. ಮಗಳ ಬಾಳನ್ನು ನಿಮ್ಮ ಆ ಒಂದು ಸಾಲಿನ ಮೇಲೆ ಇಟ್ಟೆ. ಯಾರೂ ಬೇಡ ಎನ್ನುವ ಗುಂಡಿಗಿಂತ ಕೆಳಗೆ ಬೀಳುವಷ್ಟು ನಿಮ್ಮ ಸ್ಥಿತಿ ಕೆಟ್ಟಿತ್ತಲ್ಲ, ಅದು ನಿಮಗೆ ಒಂದು ದಿನವೂ ತಿಳಿದಿರಲಿಲ್ಲವೇ?

ಅಕ್ಬರಿ


ರಾಯಚೂರು
೨೩ ಮೇ

ಅಕ್ಬರಿಗೆ,

ತಿಳಿದಿತ್ತು.

ಮುಷರ್ರಫ್ ಸಾಹೇಬರಿಗೆ ಯಾವ ಕಾಯಿಲೆಯೂ ಇರಲಿಲ್ಲ. ನಾನು ನಿನಗೆ ಹಾಗೆ ಬರೆಯುವ ಹೊತ್ತಿಗೆ ಅವರು ಚನ್ನವೀರಪ್ಪನವರ ಕಡೆಯ ವೇದಿಕೆ ಹತ್ತಿದ್ದರು. ಹುಡುಗರು ಒಬ್ಬೊಬ್ಬರಾಗಿ ಬಿಟ್ಟರು. ನಾಮಪತ್ರಕ್ಕೆ ಹತ್ತು ಸಹಿ ಹೊಂದಿಸಲು ನಾನು ಹಳೆಯ ಫೌಜಿ ಗೆಳೆಯರ ಕೈಕಾಲು ಹಿಡಿದೆ. ಹಬ್ಬದ ಮರುದಿನ ಹಿರಿಯರು ನನ್ನನ್ನು ಕರೆಸಿದರು. ಮುಷರ್ರಫ್ ಸಾಹೇಬರೇ ಮಾತು ತೆಗೆದು, “ನೀ ನಿಂತ್ರ ನಮ್ಮ ಓಟು ಒಡೀತಾವ ಸುಬೇದಾರ್. ನಿಲ್ರಿ ಅಂದಿದ್ದು ಖರೇ. ಆಗ ಗಾಳಿ ಬ್ಯಾರೆ ಇತ್ತು” ಅಂದರು. ಬಾಗಿಲಲ್ಲಿ ಹಾಂ ಭಾಯಿ ಅಂದವರೆಲ್ಲ ಅಲ್ಲೇ ಕೂತಿದ್ದರು. ಮನೆಗೆ ಬಂದವನಿಗೆ ಇಲ್ಲ ಅನ್ನಬಾರದೆಂದು ಹಾಂ ಅಂದಿದ್ದರು, ಅಷ್ಟೇ. ಅದನ್ನು ನಾನು ಹುಕುಮಿಗೆ ಕೊಟ್ಟ ಒಪ್ಪಿಗೆ ಎಂದು ಲೆಕ್ಕ ಹಿಡಿದಿದ್ದೆ.

ಇಪ್ಪತ್ನಾಲ್ಕರಂದು ನಾನು ಚುನಾವಣಾ ಕಚೇರಿಗೆ ಹೋದದ್ದು ಗುರುತು ಪಡೆಯಲು ಅಲ್ಲ, ವಾಪಸ್ ತೆಗೆಯಲು. ಅರ್ಜಿಗೆ ಸಹಿ ಹಾಕಿಕೊಂಡೇ ಹೋಗಿದ್ದೆ. ಬೆಂಚಿನ ಮೇಲೆ ಕೂತು ಜಹೀರ್ ತಂದುಕೊಟ್ಟ ನಿನ್ನ ಕಾಗದ ಮತ್ತೊಮ್ಮೆ ಓದಿದೆ. ಬೀಗರು ಈದಿ ಕಳಿಸಿದ್ದಾರೆ, ಮಗಳು ಗೆಳತಿಯರ ಮುಂದೆ ಹೇಳಿಕೊಳ್ಳುತ್ತಾಳೆ, ಹೆಂಡತಿ ಗೆದ್ದು ಬಾ ಅನ್ನುತ್ತಿದ್ದಾಳೆ. ಈಗ ಎದ್ದು ಹೋದರೆ ನಿಮ್ಮಿಬ್ಬರ ಮುಖ ಹೇಗೆ ನೋಡಲಿ ಅನ್ನಿಸಿತು. ಅರ್ಜಿ ಹರಿದು ಬಿಸಾಡಿದೆ.

ಆ ದಿನ ಇಡೀ ಜಿಲ್ಲೆಯಲ್ಲಿ ನಾನು ನಿಲ್ಲಬೇಕು ಎಂದವರು ಒಬ್ಬರೇ. ಅದು ನೀನು. ಅದೂ ನಿನ್ನ ಮನಸ್ಸಿನ ಮಾತಾಗಿರಲಿಲ್ಲ. ಸಿಟ್ಟು ಬರುತ್ತದೆ ಅಕ್ಬರಿ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ನಿನ್ನ ಮೇಲೆ ಬಂದರೆ ಅದು ನನಗೇ ತಿರುಗುತ್ತದೆ.

ಇನ್ನು ಮುಂದೆ ನಿನಗಾಗಲಿ ನಾಹಿದ್‌ಗಾಗಲಿ ಇದ್ದದ್ದನ್ನೇ ಬರೆಯುತ್ತೇನೆ. ಎಲೆಕ್ಷನ್ ಮುಗಿದಿದೆ, ಚನ್ನವೀರಪ್ಪನವರಿಗೆ ಈಗ ನನ್ನ ನೆನಪೂ ಇರಲಾರದು. ದೇವದುರ್ಗಕ್ಕೆ ನಾನೇ ಹೋಗಿ ಅಲ್ಲಾಉದ್ದೀನ್ ಕಾಲು ಹಿಡಿಯುತ್ತೇನೆ. ಓಟು ಕೇಳಿ ಕೇಳಿ ಬಾಗಿಲಲ್ಲಿ ನಿಲ್ಲುವುದು ರೂಢಿಯಾಗಿದೆ. ಅಲ್ಲಿ ಏನಾಯಿತೋ ಅದನ್ನು ನಾಹಿದ್‌ಗೇ ಬರೆಯುತ್ತೇನೆ.

ವಲಿ ಪಾಷಾ


ಮಲ್ಲಟ
೭ ಜೂನ್

ನಾಹಿದ್‌ನ ಅಬ್ಬಾ ಅವರಿಗೆ ಸಲಾಮ್.

ಎರಡು ವಾರ ಬರೆಯಲಿಲ್ಲ. ಯಾರ ತಪ್ಪು ಎಷ್ಟು ಎಂದು ತೂಗುತ್ತ ಕೂತಿದ್ದೆ. ಈಗ ಬಿಟ್ಟಿದ್ದೇನೆ, ತಕ್ಕಡಿ ಎರಡೂ ಕಡೆ ನೆಲ ಮುಟ್ಟುತ್ತದೆ.

ಇದು ಕೆಟ್ಟ ಸುದ್ದಿ. ಸುತ್ತು ಬಳಸದೆ ಬರೆಯುತ್ತೇನೆ. ಇವತ್ತು ಮಧ್ಯಾಹ್ನ ಮಾನ್ವಿಯಲ್ಲಿ ರಿಹಾನ್ ನಿಕಾಹ್ ಆಯಿತು. ಅಲ್ಲಿಯದೇ ಹುಡುಗಿ, ಜೋಯಾ ಅಂತ. ಆ ಸಂಬಂಧ ಚನ್ನವೀರಪ್ಪನವರೇ ಮುಂದೆ ನಿಂತು ಕೂಡಿಸಿದ್ದಂತೆ. ಜಹೀರ್ ಪೇಟೆಯಲ್ಲಿ ಕೇಳಿ ಬಂದ. ನಾಳೆ ದೇವದುರ್ಗದಲ್ಲಿ ಹುಡುಗನ ಮನೆಯ ಮುಂದೆಯೇ ವಲೀಮಾ ಊಟ. ನೀವು ದೇವದುರ್ಗಕ್ಕೆ ಹೋಗಬೇಡಿ, ಈ ಕಾಗದ ಸಿಕ್ಕ ಕೂಡಲೇ ಇಲ್ಲಿಗೆ ಬನ್ನಿ. ಫೋನ್ ಎರಡು ಸಲ ಮಾಡಿದೆ, ಬಂದ್ ಆಗಿದೆ ಅನ್ನುತ್ತದೆ.

ನಾಹಿದ್ ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಕವಿತಾಳದ ಒಂದು ಸಾಲಿಯಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಕೊಟ್ಟು ಬಂದಳು. ನಾನು ಈ ಕಾಗದ ಬರೆಯುವಾಗ ಹಿಂದೆ ನಿಂತು ಓದಿದಳು. ಓದಿ, “ಅಮ್ಮೀ, ನೀವಿಬ್ಬರೂ ನನ್ನ ಸಲುವಾಗಿ ಎಷ್ಟು ಕಾಗದ ಬರಕೊಂಡ್ರಿ. ಒಬ್ಬರರ ನನ್ನ ಕೇಳಿದ್ರೇನು? ಗೆದ್ರೂ ಸೋತ್ರೂ ನಂಗ ಅಬ್ಬಾನ ಮ್ಯಾಲ ಸಿಟ್ಟಿಲ್ಲ. ನಂಗ ಬರೀತೀನಿ ಅಂದಾರಲ್ಲ, ಬರೀಲಿ. ಒಂದ ಕಾಗದದಾಗ ಖರೇ ಬರೀಲಿ, ಅಷ್ಟ ಸಾಕು” ಅಂದಳು.

ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಬರೆದಿದ್ದೇನೆ.

ಅಕ್ಬರಿ


ದೇವದುರ್ಗ ಬಸ್ ಸ್ಟ್ಯಾಂಡ್
೮ ಜೂನ್, ಸಂಜೆ

ನಾಹಿದ್ ಮಗಳಿಗೆ ಅಬ್ಬಾನ ಸಲಾಮ್.

ನಿನ್ನ ಹೆಸರಿಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ವರ್ಷ ನಿನ್ನ ಅಮ್ಮಿಗೆ ಬರೆದ ಕಾಗದದ ಕೊನೆಗೆ ‘ನಾಹಿದ್‌ಗೆ ಮುದ್ದು’ ಎಂದು ಬರೆದು ಮುಗಿಸಿಬಿಡುತ್ತಿದ್ದೆ. ಫೋನ್ ನಿನ್ನೆಯಿಂದ ಕೆಟ್ಟಿದೆ, ರಿಪೇರಿಗೆ ಕೊಡಬೇಕು.

ಇವತ್ತು ಅಲ್ಲಾಉದ್ದೀನ್ ಭಾಯಿ ಮನೆಗೆ ಹೋಗಿದ್ದೆ. ಬಸ್ಸು ಮಸರಕಲ್ ಹತ್ತಿರ ಕೆಟ್ಟು ನಿಂತು ತಡವಾಯಿತು, ತಲುಪುವಾಗ ಊಟದ ಹೊತ್ತು. ಮನೆಯ ಮುಂದೆ ಶಾಮಿಯಾನ ಹಾಕಿದ್ದರು, ಜನ ಬಹಳ ಇದ್ದರು. ಅವರ ಸಂಬಂಧಿಕರ ಮಗುವಿಗೆ ಕೂದಲು ತೆಗೆಸಿ ಊಟ ಹಾಕಿಸುವ ಅಖೀಖಾ ಅಂತೆ. ಕರೆಯದೆ ಬಂದವನು ನಾನು, ಹಿಂದೆ ಹೋಗೋಣ ಅಂದುಕೊಂಡೆ. ಅಷ್ಟರಲ್ಲಿ ಅಲ್ಲಾಉದ್ದೀನ್ ಭಾಯಿ ನೋಡಿ ತಾವೇ ಎದ್ದು ಬಂದರು, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದರು. ಉಣ್ಣದೆ ಬಿಡಲಿಲ್ಲ. ಉಂಡೆ. ಮೀಠಾ ಕೂಡ ಬಡಿಸಿದರು, ಚೆನ್ನಾಗಿತ್ತು.

ರಿಹಾನ್ ಹೊಸ ಶೇರ್ವಾನಿ ಹಾಕಿಕೊಂಡಿದ್ದ, ಅವನಿಗೆ ಒಪ್ಪುತ್ತದೆ. ನನ್ನನ್ನು ನೋಡಿ ತಲೆ ತಗ್ಗಿಸಿದ. ನಾಚಿಕೆಯ ಹುಡುಗ. ಅಷ್ಟು ಜನರ ನಡುವೆ ಹೆಚ್ಚು ಮಾತಾಡಲು ಆಗಲಿಲ್ಲ, ಆದರೂ ಬಾಗಿಲ ತನಕ ಬಂದು ಕಳಿಸಿದ. ನಿನ್ನನ್ನು ಕೇಳಿದ. ಆರಾಮ ಇದ್ದಾಳೆ ಅಂದೆ.

ಅಲ್ಲಾಉದ್ದೀನ್ ಭಾಯಿ ಮೆತ್ತಗಾಗಿದ್ದಾರೆ. “ಸುಬೇದಾರ್ ಸಾಬ್, ಸ್ವಲ್ಪ ಟೈಮ್ ಕೊಡ್ರಿ” ಅಂದರು. ನಿನ್ನ ಅಮ್ಮಿಗೆ ಹೇಳು, ಚಿಂತೆ ಮಾಡುವುದು ಬೇಡ. ಬಕ್ರೀದ್ ಆದ ಮೇಲೆ ತಾರೀಖು ತಿಳಿಸುತ್ತಾರಂತೆ.

ನಿನ್ನ ಅಬ್ಬಾ